ಇವತ್ತು ಎಷ್ಟು ಉಂಡೆ?

ಮಾರ್ಚ್ ೨, ಭಾನುವಾರ

ತಂಗಿ ಬಂದಿದ್ದಳು. ಒಂಬತ್ತು ವರ್ಷದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿದಳು, ಅದೂ ಬುಟ್ಟಿಯಲ್ಲಿ ಒಂದು ಬೆಕ್ಕನ್ನು ಹೊತ್ತುಕೊಂಡು. ಆಸ್ಪತ್ರೆಯವರು ಅವಳನ್ನು ಆರು ವಾರದ ತರಬೇತಿಗೆ ಬೇರೆ ಊರಿಗೆ ಕಳಿಸುತ್ತಿದ್ದಾರೆ. ಮುಗಿಸಿ ಬಂದರೆ ವಾರ್ಡಿಗೆ ಹಿರಿಯ ನರ್ಸ್ ಆಗುತ್ತಾಳೆ. ಬೆಕ್ಕನ್ನು ನೋಡಿಕೊಳ್ಳುತ್ತೇನೆಂದಿದ್ದ ಗೆಳತಿ ಕಾಲು ಮುರಿದುಕೊಂಡು ಮಲಗಿದ್ದಾಳಂತೆ. ಬೇರೆ ಯಾರೂ ಸಿಗಲಿಲ್ಲ, ಹಾಗಾಗಿ ನಾನು.

ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೆ, "ರಜಾ ಹಾಕಿದೀನಿ ಅಕ್ಕ, ಆಸ್ಪತ್ರೆಯಿಂದ ಬರ್ತಿಲ್ಲ. ಮನೇಲಿ ಸ್ನಾನ ಮಾಡ್ಕೊಂಡೇ ಬಂದಿದೀನಿ" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಹಿಂದೆ ಅವಳು ನನ್ನ ಜೊತೆ ಇದೇ ಮನೆಯಲ್ಲಿ ಎರಡು ವರ್ಷ ಇದ್ದಳು. ವಾರ್ಡಿನಿಂದ ಬಂದರೆ ಹಿಂದಿನ ಮೆಟ್ಟಿಲು ಹತ್ತಿ, ಹಿಂದಿನ ಬಚ್ಚಲಲ್ಲಿ ಮಿಂದು, ಬಟ್ಟೆ ಬದಲಿಸಿಯೇ ಒಳಗೆ ಕಾಲಿಡಬೇಕು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಔಷಧಿಯ ವಾಸನೆ ನನಗಾಗುವುದಿಲ್ಲ, ನನ್ನ ಕೆಲಸವೇ ಮೂಗಿನದು. ಒಂದು ದಿನ ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದವಳು ದಣಿದು ಹಾಗೇ ಕುರ್ಚಿಯ ಮೇಲೆ ಕೂತುಬಿಟ್ಟಳು. "ನೀನು ಮನೆಗೆ ಬಂದ್ರೆ ನನ್ನ ಮೂಗು ಎರಡು ದಿನ ಕೆಡುತ್ತೆ" ಎಂದೆ. ಎದ್ದುಹೋಗಿ ಸ್ನಾನ ಮಾಡಿದಳು. ಮುಂದಿನ ತಿಂಗಳು, ಆಸ್ಪತ್ರೆ ಹತ್ತಿರ ರೂಮು ಸಿಕ್ಕಿತು ಎಂದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನನ್ನ ಮೂಗು ನೆಟ್ಟಗೇ ಇದೆ. ತಂಗಿ ಹೋದಳು, ಅಷ್ಟೇ.

ಬೆಕ್ಕಿಗೆ ದೊರೆ ಎಂದು ಹೆಸರಿಟ್ಟಿದ್ದಾಳೆ. ಬೂದು ಬಣ್ಣ, ದಪ್ಪ ತಲೆ, ಗಂಡು. ಆಳುವುದಕ್ಕೆ ರಾಜ್ಯ ಬೇಕಿತ್ತು, ನನ್ನ ಮನೆ ಸಿಕ್ಕಿತು.

ಜೊತೆಗೆ ಒಂದು ಪ್ಲಾಸ್ಟಿಕ್ ಟ್ರೇ, ಒಂದು ಚೀಲ ಬೆಕ್ಕಿನ ಮಣ್ಣು, ಒಂದು ಜಾಲರಿ ಸೌಟು. ಬೆಕ್ಕು ಉಚ್ಚೆ ಹೊಯ್ದಲ್ಲಿ ಮಣ್ಣು ಉಂಡೆ ಕಟ್ಟುತ್ತದೆ, ಸೌಟಿನಿಂದ ಎತ್ತಿ ಬಿಸಾಡಬೇಕು. ಹನ್ನೊಂದು ಸೂಚನೆಗಳ ಒಂದು ಹಾಳೆಯನ್ನೂ ಕೊಟ್ಟಳು. ಮೊದಲನೆಯದಕ್ಕೆ ಕೆಂಪು ಗೆರೆ ಎಳೆದಿದ್ದಾಳೆ: "ದಿನಾ ಉಂಡೆ ಎಣಿಸು. ಎರಡೋ ಮೂರೋ ಇರಬೇಕು. ಮಣ್ಣು ಬದಲಿಸಬೇಡ."

"ಎಣಿಸೋದ್ಯಾಕೆ, ಅದೇನು ಲಾಡೂನಾ?" ಎಂದೆ.

"ಒಳಗೆ ಹೋದ ನೀರು ಹೊರಗೆ ಬರ್ತಿದೆಯಾ ಅಂತ ನೋಡೋದೇ ಅಲ್ವಾ ಅಕ್ಕ ನಮ್ಮ ಕೆಲಸ?" ಎಂದು ನಕ್ಕಳು. ರೋಗಿಗಳ ಲೆಕ್ಕ ಇಟ್ಟೂ ಇಟ್ಟೂ ಬೆಕ್ಕಿಗೂ ಲೆಕ್ಕ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮಾರ್ಚ್ ೪, ಮಂಗಳವಾರ

ನಾತ: ೪.

ಕಾರ್ಖಾನೆಯ ಅಭ್ಯಾಸ, ಮನೆಯಲ್ಲೂ ಅಂಕ ಹಾಕುತ್ತಿದ್ದೇನೆ. ನಮ್ಮ ಸಾಬೂನು ಪರೀಕ್ಷೆಯ ಕೋಣೆಯಲ್ಲಿ ಸೊನ್ನೆ ಎಂದರೆ ಏನೂ ಇಲ್ಲ, ಐದು ಎಂದರೆ ತಡೆಯಲಾಗದ್ದು. ಕೊಬ್ಬು ಚೂರು ಹಳಸಿದ್ದರೂ, ಪರಿಮಳದ ಎಣ್ಣೆ ಒಂದು ತೊಟ್ಟು ಹೆಚ್ಚಾಗಿದ್ದರೂ ಯಂತ್ರಕ್ಕಿಂತ ಮೊದಲು ನನಗೆ ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅಲ್ಲಿ ಎಲ್ಲರೂ ನನ್ನನ್ನು ಮೂಗಕ್ಕ ಎನ್ನುತ್ತಾರೆ. ಈರುಳ್ಳಿ ಮುಟ್ಟುವುದಿಲ್ಲ, ಪೌಡರು ಹಾಕುವುದಿಲ್ಲ. ಮೂಗು ಕೆಟ್ಟರೆ ಅನ್ನ ಕೆಟ್ಟಂತೆ.

ಬೆಳಿಗ್ಗೆ ಎದ್ದಾಗ ಮನೆಯ ತುಂಬಾ ಅಮೋನಿಯಾ. ಪರದೆಯಲ್ಲಿ, ದಿಂಬಿನಲ್ಲಿ, ನನ್ನ ಚಹಾದಲ್ಲಿ. ಕೆಲಸದಲ್ಲಿ ಎರಡು ಸಾಬೂನು ಬಿಲ್ಲೆಯ ಅಂಕ ತಪ್ಪು ಹೇಳಿದೆ. "ಏನ್ ಮೂಗಕ್ಕ, ನೆಗಡಿನಾ?" ಎಂದರು ಮೇಲ್ವಿಚಾರಕರು. ಹೊಸ ಸಾಬೂನಿನ ಕೊನೆಯ ಪರೀಕ್ಷೆ ಹತ್ತಿರ ಬಂತು. ನೆಗಡಿಯಲ್ಲ ಸ್ವಾಮಿ, ಬೆಕ್ಕು.

ರಾತ್ರಿ ಎಂಟಕ್ಕೆ ತಂಗಿಯ ಫೋನು. "ಎಷ್ಟು ಉಂಡೆ?" ಎಂದಳು. ಎಣಿಸಿದ್ದೆ. "ಮೂರು." "ಸರಿ ಅಕ್ಕ." ಮಾತು ಮುಗಿಯಿತು.

ಮಾರ್ಚ್ ೮, ಶನಿವಾರ

ನಾತ: ೩.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎತ್ತಿ ಹಾಕುತ್ತಿದ್ದೇನೆ. ಟ್ರೇಯ ತಳಕ್ಕೆ ಒಂದು ಚಮಚ ಅಡುಗೆ ಸೋಡಾ ಉದುರಿಸಿದೆ. ಕಿಟಕಿ ತೆರೆದಿಟ್ಟೆ. ಒಂದು ಅಂಕ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಸಾಕೆನ್ನುತ್ತಿದ್ದರು.

ಕೆಳಗಿನ ಮನೆಯ ಒಡತಿ ಮೆಟ್ಟಿಲಲ್ಲಿ ಸಿಕ್ಕಿ ಮೂಗು ಮುರಿದರು. "ಬೆಕ್ಕು ಸಾಕಿದೀರಂತೆ?" ನಾನು ಸಾಕಿಲ್ಲ, ಅದು ಬಂದಿದೆ, ಹೋಗುತ್ತದೆ ಎಂದೆ. "ಹೋಗೋವರೆಗೂ ನಾವೆಲ್ಲಿ ಹೋಗೋಣ?" ಎಂದು ಒಳಗೆ ಹೋದರು. ಅವರ ಮೂಗಿಗೆ ಬಿದ್ದದ್ದು ಅವರದೇ ಒದ್ದೆ ಕಾಲೊರಸಿನ ವಾಸನೆ. ಅದನ್ನು ಹೇಳಿದರೆ ಮನೆ ಖಾಲಿ ಮಾಡಬೇಕಾದೀತು.

ಮಾರ್ಚ್ ೧೧, ಮಂಗಳವಾರ

ನಾತ: ೨. ಆದರೆ ಲ್ಯಾವೆಂಡರ್: ೫.

ಭಾನುವಾರ ಸಾಕುಪ್ರಾಣಿಗಳ ಅಂಗಡಿಗೆ ಹೋಗಿದ್ದೆ. ಅಕ್ಕಿ ಅಂಗಡಿಯಲ್ಲಿ ಚೀಲ ಜೋಡಿಸಿದಂತೆ ಬೆಕ್ಕಿನ ಮಣ್ಣು ಜೋಡಿಸಿಟ್ಟಿದ್ದಾರೆ. ಜೇಡಿಮಣ್ಣು, ಮರದ ಹುಡಿಯ ಕಡ್ಡಿ, ಕಾಗದದ ಚೂರು, ಗಾಜಿನಂತಹ ಹರಳು. ಒಂದೊಂದಕ್ಕೂ ಮೂಗಿಟ್ಟೆ. ಅಂಗಡಿಯಾತ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಪರಿಮಳ ಹಾಕಿದ ಜೇಡಿಮಣ್ಣು ತೆಗೆದುಕೊಂಡೆ, ಇವತ್ತು ಟ್ರೇಗೆ ಸುರಿದೆ. ನಾತವನ್ನು ಪರಿಮಳದಿಂದ ಮುಚ್ಚುವುದು ನನ್ನ ಕಸುಬಲ್ಲವೇ?

ಬೆಕ್ಕು ಟ್ರೇಯ ಅಂಚಿಗೆ ಬಂದು ಮೂಸಿತು, ಸೀನಿತು, ನನ್ನನ್ನು ಒಂದು ಸಲ ನೋಡಿತು. ಒಳಗೆ ಕಾಲಿಡಲಿಲ್ಲ.

ಮಾರ್ಚ್ ೧೨, ಬುಧವಾರ

ನನ್ನ ಕಾಲೊರಸಿನ ಮೇಲೆ ಹೊಯ್ದಿದೆ. ೫.

ಮಾರ್ಚ್ ೧೪, ಶುಕ್ರವಾರ

ನಾತ: ೧!

ನಿನ್ನೆ ಮತ್ತೆ ಅಂಗಡಿಗೆ ಹೋದೆ. ಆತ ನಕ್ಕ. "ಮೇಡಂ, ನಾತ ನಿಮಗೆ ಬೇಡ, ಪರಿಮಳ ಅದಕ್ಕೆ ಬೇಡ. ಅದರ ಮೂಗು ನಿಮ್ಮದಕ್ಕಿಂತ ಜೋರು."

ಇಪ್ಪತ್ತಾರು ವರ್ಷದ ಅನುಭವವಿರುವ ಮೂಗಿಗೆ ಈ ಮಾತು! ಆದರೂ ಕೇಳಿಸಿಕೊಂಡೆ. ಹಳೆಯ ಮಣ್ಣಿಗೇ ಹೋಗಿ, ಮೂರು ಬೆರಳು ದಪ್ಪ ಹಾಕಿ, ವಾರಕ್ಕೊಮ್ಮೆ ಪರಿಮಳವಿಲ್ಲದ ಸೋಪಿನಲ್ಲಿ ಟ್ರೇ ತೊಳೆಯಿರಿ, ಸಾಧ್ಯವಾದರೆ ಇನ್ನೊಂದು ಟ್ರೇ ಇಡಿ ಎಂದ. ಅದೆಲ್ಲ ಮೂರರಿಂದ ಎರಡಕ್ಕೆ ಇಳಿಸುವ ಉಪಾಯ. ನನಗೆ ಎರಡು ಬೇಡ. ಹರಳು ಹೇಗೆ ಎಂದು ಕೇಳಿದೆ.

"ಅದು ಬಂದದ್ದನ್ನೆಲ್ಲ ಹೀರ್ಕೊಳ್ಳುತ್ತೆ. ಉಂಡೆ ಕಟ್ಟಲ್ಲ, ವಾಸನೆ ಬರಲ್ಲ. ಆದ್ರೆ ಒಂದೇ ಸಲ ಬದಲಿಸ್ಬೇಡಿ. ಹಳೇ ಮಣ್ಣಿಗೆ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡ್ಸಿ."

ರೂಢಿ ಮಾಡಿಸುತ್ತಾ ಕೂರಲು ಸಮಯವೆಲ್ಲಿದೆ? ಇವತ್ತು ಬೆಳಿಗ್ಗೆ ಟ್ರೇಯನ್ನು ಪೂರ್ತಿ ಖಾಲಿ ಮಾಡಿ ಹರಳು ಸುರಿದೆ. ಹಜಾರದಿಂದ ಎತ್ತಿ ಹಿಂದಿನ ಬಚ್ಚಲಿಗೆ ಸಾಗಿಸಿದೆ. ಸಂಜೆ ಅದು ಹೋಗಿ ಬಂತು, ಹರಳು ಕಾಲಿಗೆ ಚುಚ್ಚುತ್ತದೇನೋ ಎಂಬಂತೆ ಪಂಜ ಒದರುತ್ತಾ. ಹೋಯಿತಲ್ಲ, ಸಾಕು.

ಎಂಟಕ್ಕೆ ಫೋನು. "ಎಷ್ಟು ಉಂಡೆ?"

ಹರಳಿನಲ್ಲಿ ಉಂಡೆ ಎಲ್ಲಿಂದ ಬರಬೇಕು? "ಮೂರು" ಎಂದೆ.

ಯಾಕೆ ಹಾಗೆಂದೆ? ಮಣ್ಣು ಬದಲಿಸಿದೆ ಎಂದರೆ ಅವಳು ಬೈಯುವುದಿಲ್ಲ. "ನಿನ್ನ ಮೂಗು" ಎಂದೂ ಅನ್ನುವುದಿಲ್ಲ. ಸುಮ್ಮನಾಗುತ್ತಾಳೆ. ಆ ಸುಮ್ಮನಿರುವಿಕೆಯನ್ನು ಒಂಬತ್ತು ವರ್ಷ ಕೇಳಿದ್ದೇನೆ. ಹೇಗೂ ಅದು ಹೊಯ್ಯುತ್ತಿದೆ. ಎರಡಾದರೇನು, ಮೂರಾದರೇನು.

ಮಾರ್ಚ್ ೧೭, ಸೋಮವಾರ

ನಾತ: ೧.

ಇವತ್ತು ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು. ಮೊದಲು ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ತರಬೇತಿಯ ಕಥೆ. ಅವಳಿಗೆ ಪಾಠ ಹೇಳುವ ಹುಡುಗಿ ಅವಳ ಅರ್ಧ ವಯಸ್ಸಿನವಳಂತೆ, ಸೂಜಿ ಹಿಡಿಯುವುದನ್ನು ಗೊಂಬೆಯ ಮೇಲೆ ತೋರಿಸಿದಳಂತೆ. "ಇಪ್ಪತ್ತು ವರ್ಷ ಮನುಷ್ಯರಿಗೆ ಚುಚ್ಚಿದೀನಿ ಅಕ್ಕ, ಗೊಂಬೆಗೆ ಚುಚ್ಚೋಕೆ ಕೈ ನಡುಗ್ತು" ಎಂದಳು. ಇಬ್ಬರೂ ನಕ್ಕೆವು. ನಾನು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ದೊರೆ ನನ್ನ ಮಡಿಲಲ್ಲೇ ಮಲಗಿದ್ದ. ಅವಳ ದನಿ ಕೇಳಿ ಕಿವಿ ನೆಟ್ಟಗೆ ಮಾಡಿದ. ಫೋನನ್ನು ಅವನ ಮುಖದ ಹತ್ತಿರ ಹಿಡಿದೆ, ಅವಳು ಅವನನ್ನು ಮುದ್ದುಮಾಡಿ ಕರೆದಳು, ಅವನು ಫೋನನ್ನೇ ನೆಕ್ಕಿದ.

ಕೊನೆಗೆ ತಾನಾಗಿಯೇ ಹೇಳಿದಳು. "ಮುಗಿಸ್ಕೊಂಡು ಬಂದ್ಮೇಲೆ ಒಂದು ವಾರ ನಿನ್ ಮನೇಲೇ ಇರ್ಲಾ ಅಕ್ಕ? ದೊರೆಗೂ ಒಂದೇ ಸಲ ಜಾಗ ಬದಲಿಸಿದ ಹಾಗಾಗಲ್ಲ."

"ಇರು ಪುಟ್ಟಿ, ಕೇಳ್ಬೇಕಾ?" ಎಂದೆ. ನಲವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆದೆ. ಬಾಯಿಗೆ ಹಾಗೇ ಬಂತು.

ಫೋನಿಟ್ಟ ಮೇಲೆ ಒಳಕೋಣೆಯ ಹಳೆಯ ಹಾಸಿಗೆಯನ್ನು ಎಳೆದು ನೋಡಿದೆ. ಬಿಸಿಲಿಗೆ ಹಾಕಬೇಕು.

ಮಾರ್ಚ್ ೧೯, ಬುಧವಾರ

ನಾತ: ೧. ಸಂಜೆಗೆ ೧ಕ್ಕಿಂತಲೂ ಕಡಿಮೆ.

ಹಾಸಿಗೆ ಬಿಸಿಲಿಗೆ ಹಾಕಿದೆ. ದೊರೆ ಅದರ ಮೇಲೆ ಹೋಗಿ ಮಲಗಿದ. ಎಬ್ಬಿಸಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟೆ. ಕೂದಲು ಅಂಟಿತು. ಅಂಟಿದರೆ ಅಂಟಲಿ.

ಮಾರ್ಚ್ ೨೦, ಗುರುವಾರ

ನಾತ: ೦.

ಸೊನ್ನೆ! ಬಚ್ಚಲಿನ ಬಾಗಿಲು ಮುಚ್ಚಿಟ್ಟು, ಹೊರಗೆ ಹೋಗಿ ಹತ್ತು ನಿಮಿಷ ಗಾಳಿ ಕುಡಿದು ಬಂದು, ಟ್ರೇಗೆ ಮುಖವಿಟ್ಟು ಮೂಸಿದೆ. ಏನೂ ಇಲ್ಲ. ತೊಳೆದಿಟ್ಟ ಗಾಜಿನಂತೆ ಹರಳು ಹೊಳೆಯುತ್ತಿದೆ. ಇಪ್ಪತ್ತಾರು ವರ್ಷದಲ್ಲಿ ಸೊನ್ನೆ ಕೊಟ್ಟದ್ದು ಬೆರಳೆಣಿಕೆಯಷ್ಟು.

ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದೆ. "ಬೆಕ್ಕಿಗೂ ಪಾಸ್ ಮಾರ್ಕ್ ಹಾಕಿದ್ರಾ ಮೂಗಕ್ಕ?" ಎಂದರು ಮೇಲ್ವಿಚಾರಕರು. ಇವತ್ತು ಒಂದು ಬಿಲ್ಲೆಯೂ ತಪ್ಪಲಿಲ್ಲ.

ದೊರೆಯೂ ಶಿಸ್ತು ಕಲಿತಿದ್ದಾನೆ. ಸಂಜೆಯಿಂದ ಆರು ಸಲ ಟ್ರೇಗೆ ಹೋಗಿ ಬಂದ. ಎಷ್ಟೋ ಹೊತ್ತು ಕೂರುತ್ತಾನೆ, ಎದ್ದು ಹರಳನ್ನು ಕೆರೆದು ಮುಚ್ಚುತ್ತಾನೆ, ಮತ್ತೆ ಹೋಗುತ್ತಾನೆ. ಆಮೇಲೆ ಕೂತು ತನ್ನನ್ನು ತಾನೇ ನೆಕ್ಕಿ ನೆಕ್ಕಿ ಶುಚಿ ಮಾಡಿಕೊಳ್ಳುತ್ತಾನೆ. ನನ್ನ ಮನೆಯ ಗಾಳಿ ಅವನಿಗೂ ತಾಕಿರಬೇಕು.

"ಎಷ್ಟು?" "ಮೂರು."

ಮಾರ್ಚ್ ೨೧, ಶುಕ್ರವಾರ

ನಾತ: ೦.

ಎರಡನೆಯ ದಿನವೂ ಸೊನ್ನೆ. ಕೆಳಗಿನ ಒಡತಿಯನ್ನು ಕರೆದು ಮೂಸಿಸಬೇಕೆನ್ನಿಸಿತು.

ದೊರೆ ಬೆಳಿಗ್ಗೆಯಿಂದ ಬಚ್ಚಲಿನ ತಣ್ಣನೆಯ ನೆಲದ ಮೇಲೆ ಒರಗಿದ್ದಾನೆ. ಮೀನು ಹಾಕಿದರೆ ಮೂಸಿ ಬಿಟ್ಟ. ಟ್ರೇಯಲ್ಲಿ ಕೂತಿದ್ದಾಗ ಒಂದು ಸಲ ಸಣ್ಣಗೆ ಕೂಗಿದ. ಬಿಸಿಲು ಹೆಚ್ಚಾಗಿದೆ.

ಫೋನಿನಲ್ಲಿ, ಅವನು ಊಟ ಮಾಡಲಿಲ್ಲ ಎಂದು ಹೇಳಿದೆ. ಅವಳು ತಟ್ಟನೆ ಕೇಳಿದಳು. "ಇವತ್ತು ಎಷ್ಟು ಉಂಡೆ ಅಕ್ಕ? ಸರಿಯಾಗಿ ನೋಡಿದ್ಯಾ?"

"ಮೂರು. ನೋಡ್ದೆ."

"ಹಾಗಾದ್ರೆ ಪರವಾಗಿಲ್ಲ. ಬಿಸಿಲಿಗೆ ಊಟ ಬಿಟ್ಟಿರ್ಬೇಕು. ನಾಳೆ ತಿಂತಾನೆ ಬಿಡು."

ನನಗೂ ಸಮಾಧಾನವಾಯಿತು. ಅವಳು ನರ್ಸು, ಅವಳಿಗೆ ಗೊತ್ತು.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ಎತ್ತಿಕೊಳ್ಳಲು ಹೋದೆ, ಕಿರುಚಿದ. ಹೊಟ್ಟೆ ಕಲ್ಲಿನಂತೆ ಗಟ್ಟಿ. ವಾಂತಿ ಮಾಡಿದ್ದ. ಟವೆಲಿನಲ್ಲಿ ಸುತ್ತಿ ಓಡಿದೆ.

ಪ್ರಾಣಿಗಳ ಡಾಕ್ಟರು ಹೊಟ್ಟೆ ಮುಟ್ಟಿದ ತಕ್ಷಣ ಒಳಗೆ ಕೂಗಿ ಯಾರನ್ನೋ ಕರೆದರು. "ಮೂತ್ರ ಕಟ್ಟಿದೆ. ಎಷ್ಟು ದಿನ ಆಯ್ತು ಹೋಗಿ?"

ಗೊತ್ತಿಲ್ಲ ಎಂದೆ.

"ಟ್ರೇಲಿ ನೋಡ್ಲಿಲ್ವಾ?"

"ವಾಸನೆ ಇರ್ಲಿಲ್ಲ ಡಾಕ್ಟ್ರೆ. ಎರಡು ದಿನದಿಂದ ವಾಸನೆನೇ ಇರ್ಲಿಲ್ಲ."

ಅವರು ನನ್ನ ಮುಖ ನೋಡಿದರು. "ಹೋಗಿದ್ರೆ ತಾನೇ ವಾಸನೆ ಬರೋದು" ಎಂದರು.

ಟ್ಯೂಬು ಹಾಕಿದ್ದಾರೆ. ಮೂತ್ರಪಿಂಡಕ್ಕೆ ಪೆಟ್ಟಾಗಿದೆಯಂತೆ, ಎಷ್ಟೆಂದು ನಾಳೆ ನಾಡಿದ್ದು ತಿಳಿಯುತ್ತದಂತೆ. ಗಂಡು ಬೆಕ್ಕಿನ ದಾರಿ ಸಣ್ಣದು, ಹೀಗಾಗುವುದುಂಟು ಎಂದರು. ಮಣ್ಣು ಬದಲಿಸಿದ್ದರಿಂದಲೇ ಆಯಿತೇ ಎಂದು ಕೇಳಿದೆ. "ಹೀಗೇ ಅಂತ ಹೇಳಕ್ಕಾಗಲ್ಲ. ಹೊಸ ಮನೆ, ಹೊಸ ಮಣ್ಣು, ಗಾಬರಿ. ಟ್ರೇ ಹಿಡಿಸದೆ ತಡ್ಕೊಂಡಿರ್ಬಹುದು. ಆದ್ರೆ ನಿನ್ನೇನೇ ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ."

ತಂಗಿಗೆ ಫೋನ್ ಮಾಡಿದೆ. ದೊರೆಗೆ ಹುಷಾರಿಲ್ಲ, ಮೂತ್ರ ಕಟ್ಟಿದೆ ಎಂದೆ. ಉಳಿದದ್ದನ್ನು ಹೇಳಲಿಲ್ಲ. "ಸಿಕ್ಕಿದ ಬಸ್ಸಿಗೆ ಬರ್ತೀನಿ" ಎಂದಳು.

ಮಾರ್ಚ್ ೨೫, ಮಂಗಳವಾರ

ಎರಡು ದಿನ ಬರೆಯಲಿಲ್ಲ. ಇವತ್ತೂ ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ಇದನ್ನೂ ನನ್ನ ಅನುಕೂಲಕ್ಕೆ ತಿದ್ದಿಕೊಂಡುಬಿಡುತ್ತೇನೆ, ಅದಕ್ಕೇ ಕೂತಿದ್ದೇನೆ.

ಭಾನುವಾರ ಮಧ್ಯಾಹ್ನ ಬಂದಳು. ನೇರ ಪ್ರಾಣಿಗಳ ಆಸ್ಪತ್ರೆಗೆ. ಪಂಜರದಲ್ಲಿ ದೊರೆ ಕಣ್ಣು ತೆರೆಯದೆ ಮಲಗಿದ್ದ, ಕಾಲಿಗೆ ಸೂಜಿ, ಹಿಂದೆ ಟ್ಯೂಬು. ಅವಳು ಅಳಲಿಲ್ಲ. ಟ್ಯೂಬಿನ ಕೊನೆಯ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಎಷ್ಟು ಬಂದಿದೆ, ಯಾವಾಗಿನಿಂದ ಎಂದು ಡಾಕ್ಟರನ್ನು ಕೇಳಿದಳು. ಆಮೇಲೆ, "ಶುಕ್ರವಾರ ರಾತ್ರಿವರೆಗೂ ಮೂರು ಹೋಗ್ತಿತ್ತು ಡಾಕ್ಟ್ರೆ. ಇಷ್ಟು ಬೇಗ ಹೀಗಾಗುತ್ತಾ?" ಎಂದಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ನಾಯಿಮರಿಯ ಚಿತ್ರ ನೋಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಪಂಜರದ ಬೆಕ್ಕು ಕಣ್ಣು ಮುಚ್ಚಿ ಸಾವಿನ ಜೊತೆ ಹೋರಾಡುತ್ತಿತ್ತು. ಕದ್ದು ಕುಡಿದವಳು ನಾನು.

ಆಟೋದಲ್ಲಿ ಬರುವಾಗ ಅವಳೇ ನನಗೆ ಸಮಾಧಾನ ಹೇಳಿದಳು. "ನಿನ್ ತಪ್ಪೇನಿಲ್ಲ ಅಕ್ಕ. ಊಟ ಬಿಟ್ಟ ಅಂತ ನೀನು ಹೇಳ್ದೆ. ನಾನೇ ಬಿಸಿಲು ಅಂದ್ಬಿಟ್ಟೆ. ನರ್ಸ್ ಅಂತೆ ನಾನು." ನನ್ನ ಕೈ ಹಿಡಿದುಕೊಂಡಿದ್ದಳು. ಆಗ ಹೇಳಬಹುದಿತ್ತು. ಮನೆ ಬರುವವರೆಗೆ ಏಳು ತಿರುವುಗಳಿದ್ದವು. ಒಂದೊಂದು ತಿರುವಿನಲ್ಲೂ ಇನ್ನೊಂದು ತಿರುವಿದೆಯಲ್ಲ ಎಂದುಕೊಂಡೆ.

ಮನೆಯ ಮುಂದೆ ಇಳಿದವಳು ಮುಂದಿನ ಮೆಟ್ಟಿಲು ಹತ್ತಲಿಲ್ಲ. ಚೀಲ ಹೆಗಲಿಗೇರಿಸಿ ಹಿಂದಿನ ಮೆಟ್ಟಿಲ ಕಡೆ ನಡೆದಳು. "ಆಸ್ಪತ್ರೆಯಿಂದ ಬಂದಿದೀನಲ್ಲ, ಮಿಂದು ಬರ್ತೀನಿ" ಎಂದಳು. ಒಂಬತ್ತು ವರ್ಷವಾದರೂ ಅವಳ ಕಾಲು ಆ ದಾರಿಯನ್ನು ಮರೆತಿರಲಿಲ್ಲ.

"ಬೇಡ ಪುಟ್ಟಿ, ಹಾಗೇ ಬಾ! ಹಾಗೇ ಬಾ ಒಳಗೆ!" ಎಂದು ಕೂಗಿದೆ. ಅವಳು ಮೊದಲ ಸಲ ನಕ್ಕಳು, ಪರವಾಗಿಲ್ಲ ಅಕ್ಕ ಎಂಬಂತೆ ಕೈ ಆಡಿಸಿ ಹತ್ತಿಬಿಟ್ಟಳು. ಪ್ರೀತಿಯಿಂದ ಕೂಗಿದೆ ಎಂದುಕೊಂಡಳು. ಅರ್ಧ ಪ್ರೀತಿಯೇ. ಇನ್ನರ್ಧ, ಆ ಬಚ್ಚಲಲ್ಲಿ ಟ್ರೇ ಇತ್ತು.

ನಾನು ಮುಂದಿನಿಂದ ಓಡಿ ಒಳಗೆ ಹೋಗುವಷ್ಟರಲ್ಲಿ ನೀರಿನ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಹರಳನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

"ಇದ್ರಲ್ಲಿ ಉಂಡೆ ಆಗಲ್ಲ ಅಕ್ಕ" ಎಂದಳು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಯಾವತ್ತಿಂದ?"

"ಹದಿನಾಲ್ಕರಿಂದ."

ಅವಳು ಬೆರಳು ಮಡಚಿ ಎಣಿಸಿದಳು. ಎಂಟು ದಿನ. ಎಂಟು ಸಲ ಮೂರು. ಹರಳನ್ನು ಒಂದೂ ಬೀಳದಂತೆ ಟ್ರೇಗೆ ವಾಪಸು ಸುರಿದು, ಕೈ ತೊಳೆದುಕೊಂಡಳು. ಸ್ನಾನ ಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಪಕ್ಕದಿಂದಲೇ, ಮೈಯೆಲ್ಲ ಔಷಧಿಯ ವಾಸನೆಯೊಂದಿಗೆ, ಹಜಾರಕ್ಕೆ ಬಂದು ಅದೇ ಕುರ್ಚಿಯ ಮೇಲೆ ಕೂತಳು. ಆ ವಾಸನೆಗೆ ನಾನು ಅಂಕ ಹಾಕಲಿಲ್ಲ. ಅವಳು ಅಲ್ಲೇ ಕೂತಿರಲಿ, ಏಳದಿರಲಿ ಎಂದು ಬೇಡಿಕೊಂಡೆ.

ಐದು ನಿಮಿಷ ಕೂತು ಎದ್ದಳು. ರೂಮಿಗೆ ಹೋಗುತ್ತೇನೆ ಎಂದಳು. ತಪ್ಪಾಯಿತು ಪುಟ್ಟಿ ಎಂದೆ. "ಮಣ್ಣು ಬದಲಿಸಿದ್ದಕ್ಕಲ್ಲ ಅಕ್ಕ" ಎಂದಳು, ಅಷ್ಟೇ.

ಮಾರ್ಚ್ ೩೦, ಭಾನುವಾರ

ದೊರೆ ಬದುಕಿದ. ಟ್ಯೂಬು ತೆಗೆದ ಮೇಲೆ ಶುಕ್ರವಾರ ತಾನಾಗಿಯೇ ಹೊಯ್ದನಂತೆ. ಡಾಕ್ಟರು ಹೇಳಿದರು, ಅವಳಲ್ಲ. ಮೂತ್ರಪಿಂಡ ಸುಧಾರಿಸಿದೆ. ಇನ್ನು ಬೇರೆ ಆಹಾರ, ಹೆಚ್ಚು ನೀರು, ಮತ್ತೆ ಹೀಗಾಗದಂತೆ ದಿನವೂ ಗಮನವಿಡಬೇಕು.

ಇವತ್ತು ಅವಳು ಅವನನ್ನು ಕರೆದುಕೊಂಡು ಹೋದಳು. ನಾನು ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿದ್ದೆ. ಬುಟ್ಟಿಯ ಜಾಲರಿಯಿಂದ ಬೆರಳು ತೂರಿಸಿದೆ, ಅವನು ಮೂಸಿ ಹಣೆ ಉಜ್ಜಿದ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ. ಅದನ್ನೇ ತಡೆಯಲಾಗಲಿಲ್ಲ, ಅಲ್ಲೇ ಅತ್ತುಬಿಟ್ಟೆ. ತಂಗಿ ಒಂದು ನಿಮಿಷ ಕಾದು ನಿಂತಳು. ಅವಳು ಯಾವತ್ತೂ ಹಾಗೇ, ಒರಟಾಗಿ ನಡೆದುಕೊಳ್ಳಲು ಬರುವುದಿಲ್ಲ.

ತರಬೇತಿಗೆ ವಾಪಸು ಹೋಗುತ್ತೀಯಾ ಎಂದು ಕೇಳಿದೆ. ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿಸಿದವರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಮುಂದಿನ ಸಲ ಯಾವಾಗಲೋ ಗೊತ್ತಿಲ್ಲವಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಟ್ಟಿ ಬೀಳಿಸಿದವಳು ಅಕ್ಕ.

ಏಪ್ರಿಲ್ ೬, ಭಾನುವಾರ

ನಾತ: ೦. ಮನೆಯೆಲ್ಲ ಸೊನ್ನೆ.

ಟ್ರೇ ತೊಳೆದು ಬಿಸಿಲಿಗಿಟ್ಟಿದ್ದೆ. ಅವಳಿಗೆ ಕೊಡಬೇಕೆಂದು ಎತ್ತಿಟ್ಟಿದ್ದ ಮಣ್ಣಿನ ಚೀಲದ ಕೆಳಗೆ ಆ ಹಾಳೆ ಸಿಕ್ಕಿತು. ಹನ್ನೊಂದು ಸೂಚನೆ. ಪೂರ್ತಿ ಓದಿದ್ದು ಇವತ್ತೇ. ಒಂಬತ್ತನೆಯದು: "ಪದೇ ಪದೇ ಟ್ರೇಗೆ ಹೋದರೆ, ಅಲ್ಲಿ ಕೂತು ಕೂಗಿದರೆ, ಎಷ್ಟು ಹೊತ್ತಾದರೂ ಸರಿ ನನಗೆ ಫೋನ್ ಮಾಡು." ಹನ್ನೊಂದನೆಯದು: "ನಿನಗೆ ವಾಸನೆ ಆಗಲ್ಲ ಅಂತ ಗೊತ್ತು ಅಕ್ಕ. ತುಂಬಾ ಕಷ್ಟ ಆದರೆ ಹೇಳು, ಬೇರೆ ಏನಾದರೂ ಮಾಡೋಣ."

ಹೇಳು ಎಂದು ಬರೆದೇ ಇಟ್ಟಿದ್ದಳು. ನಾನು ಎಲ್ಲವನ್ನೂ ನನ್ನ ಮೂಗಿನ ನೇರಕ್ಕೇ ನೋಡಿದೆ.

ಏಪ್ರಿಲ್ ೧೨, ಶನಿವಾರ

ಹೊಸ ಸಾಬೂನು ಪಾಸಾಯಿತು. ಮೇಲ್ವಿಚಾರಕರು ಎಲ್ಲರ ಮುಂದೆ, "ಮೂಗಕ್ಕ ಇರೋವರೆಗೂ ನಮಗೆ ಯಂತ್ರ ಬೇಡ" ಎಂದರು. ಚಪ್ಪಾಳೆ ತಟ್ಟಿದರು. ನನಗೆ ಕೊಟ್ಟ ಬಿಲ್ಲೆಯನ್ನು ಮನೆಗೆ ತಂದೆ. ಒಳ್ಳೆಯ ಪರಿಮಳವೇ.

ಒಳಕೋಣೆಯ ಹಾಸಿಗೆಯಲ್ಲಿ ಅವನ ಕೂದಲು ಇನ್ನೂ ಇದೆ. ಅದಕ್ಕೆ ಮೂಗಿಟ್ಟು ತುಂಬ ಹೊತ್ತು ಕೂತಿದ್ದೆ. ಬಿಸಿಲು, ಧೂಳು, ಸ್ವಲ್ಪ ಮೀನು. ಹಾಸಿಗೆ ಒಗೆಯುವುದಿಲ್ಲ.

ಏಪ್ರಿಲ್ ೧೩, ಭಾನುವಾರ

ಇವತ್ತು ತರಬೇತಿ ಮುಗಿಯಬೇಕಿತ್ತು. ಇವತ್ತಿನಿಂದ ಒಂದು ವಾರ ಅವಳು ಇಲ್ಲಿರಬೇಕಿತ್ತು.

ಏಪ್ರಿಲ್ ೨೦, ಭಾನುವಾರ

ಎಂಟು ಗಂಟೆಗೆ ಫೋನು ಬರುವುದಿಲ್ಲ ಎಂದು ಗೊತ್ತಿದ್ದರೂ ದಿನವೂ ಎಂಟಕ್ಕೆ ಅದರ ಪಕ್ಕದಲ್ಲೇ ಕೂರುತ್ತೇನೆ. ಇವತ್ತು ನಾನೇ ಮಾಡಿದೆ. ನಾಲ್ಕನೆಯ ಸಲ ರಿಂಗಾಗುವಾಗ ಎತ್ತಿದಳು.

"ಹೇಳಕ್ಕ."

"ದೊರೆ ಹೇಗಿದಾನೆ?"

"ಚೆನ್ನಾಗಿದಾನೆ."

"ನೀನು?"

"ಚೆನ್ನಾಗಿದೀನಿ."

ಹೇಳಬೇಕೆಂದು ಎಷ್ಟೋ ಯೋಚಿಸಿಟ್ಟಿದ್ದೆ. ಸುಳ್ಳು ಹೇಳಿದ್ದಕ್ಕೆ, ಕುರ್ಚಿಯಿಂದ ಎಬ್ಬಿಸಿದ್ದಕ್ಕೆ, ಒಂಬತ್ತು ವರ್ಷಕ್ಕೆ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: "ಇವತ್ತು ಎಷ್ಟು ಉಂಡೆ?"

"ಮೂರು" ಎಂದಳು.

ಸರಿ ಎಂದೆ. ಅವಳೂ ಸರಿ ಅಕ್ಕ ಎಂದಳು. ಇಟ್ಟಳು.

ಕೇಳಿದ ತಕ್ಷಣ ಹೇಳಿದಳು. ಎದ್ದುಹೋಗಿ ನೋಡುವಷ್ಟು ಹೊತ್ತಿರಲಿ, ಬೆಳಗಿನದನ್ನು ನೆನಪಿಸಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ಮೊದಲೇ ಎಣಿಸಿಟ್ಟಿರಬಹುದು, ಅವಳು ಎಣಿಸದೆ ಇರುವವಳಲ್ಲ. ಮಾತು ಮುಗಿಸಲು ಬಾಯಿಗೆ ಬಂದದ್ದನ್ನು ಹೇಳಿರಲೂಬಹುದು. ನಾನು ಹೇಳುತ್ತಿದ್ದುದೂ ಹೀಗೇ, ಇಷ್ಟೇ ಬೇಗ, ಇದೇ ಸಂಖ್ಯೆ.

ನಾಳೆ ಎಂಟಕ್ಕೆ ಮತ್ತೆ ಕೇಳುತ್ತೇನೆ. ಅವಳು ಏನು ಹೇಳಿದರೂ ನಂಬುತ್ತೇನೆ.